ನಿಮಗಿದು ಗೊತ್ತೆ? ದುಬೈ ಫ್ಲ್ಯಾಟಿನ ಬಾಡಿಗೆಗೂ ಇಲ್ಲಿ ತೆರಿಗೆ!

ದುಬೈನಲ್ಲಿ ವ್ಯಕ್ತಿಗಳಿಗೆ ಆದಾಯ ತೆರಿಗೆ ಇಲ್ಲ. ಹಾಗೆಂದು ಅಲ್ಲಿನ ಫ್ಲ್ಯಾಟಿನ ಬಾಡಿಗೆಯೆಲ್ಲ ಕೈಗೇ ಉಳಿಯುತ್ತದೆ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಮಾಲೀಕರು ಭಾರತದ ಸಾಮಾನ್ಯ ನಿವಾಸಿಯಾಗಿದ್ದರೆ ಆ ಬಾಡಿಗೆಗೆ ಇಲ್ಲಿ ತೆರಿಗೆ ಕಟ್ಟಬೇಕು. ಊರಿನ ಮನೆಬಾಡಿಗೆಗೆ ಸಿಗುವ ಶೇ 30ರ ಕಡಿತ ಇದಕ್ಕೂ ಉಂಟು.

ಬ್ರಿಟನ್ನಿನ ಮನೆಯಾದರೆ ಅಲ್ಲಿ ಕಟ್ಟಿದ ತೆರಿಗೆಯನ್ನು ಉಭಯ ದೇಶಗಳ ಒಪ್ಪಂದದಂತೆ ಇಲ್ಲಿನ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು.

ಎಡವುವ ಅಪಾಯ ಹೆಚ್ಚಿರುವುದು ಘೋಷಣೆಯಲ್ಲಿ. ಮನೆ ಖಾಲಿ ಬಿದ್ದಿರಲಿ, ಬಿಡಿಗಾಸೂ ಹುಟ್ಟದಿರಲಿ, ರಿಟರ್ನ್ಸ್‌ನ ವಿದೇಶಿ ಆಸ್ತಿ ವಿವರದ ‘ಷೆಡ್ಯೂಲ್ ಎಫ್‌ಎ’ಯಲ್ಲಿ ಅದರ ವಿಳಾಸ, ಕೊಂಡ ದಿನಾಂಕ, ಹೂಡಿದ ಹಣ ಎಲ್ಲವನ್ನೂ ತೋರಿಸಲೇಬೇಕು. ಸರಳವಾದ ಐಟಿಆರ್–1 ಇಲ್ಲಿ ನಡೆಯದು. ಈ ಷೆಡ್ಯೂಲಿನ ಲೆಕ್ಕವೂ ಏಪ್ರಿಲ್–ಮಾರ್ಚ್ ಅಲ್ಲ, ಜನವರಿಯಿಂದ ಡಿಸೆಂಬರ್‌ವರೆಗೆ. ಮರೆತರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. 2024ರ ಅಕ್ಟೋಬರ್‌ನಿಂದ, ಒಟ್ಟು 20 ಲಕ್ಷ ರೂಪಾಯಿ ಮೀರದ ವಿದೇಶಿ ಆಸ್ತಿಗಳಿಗೆ ಈ ದಂಡದಿಂದ ವಿನಾಯಿತಿ ಸಿಕ್ಕಿದೆ. ಮನೆ, ನಿವೇಶನದಂಥ ಸ್ಥಿರಾಸ್ತಿಗೆ ಮಾತ್ರ ಇಲ್ಲ.

ಗಲ್ಫ್‌ನಲ್ಲಿ ದುಡಿದು ಮಂಗಳೂರು, ಉಡುಪಿಗೆ ಮರಳಿದವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಅನಿವಾಸಿಯಾಗಿದ್ದಾಗ ಈ ಹೊಣೆ ಇರುವುದಿಲ್ಲ. ಬಹುಕಾಲ ಹೊರಗಿದ್ದವರಿಗೆ ಮರಳಿದ ಮೇಲೂ ಸಾಮಾನ್ಯವಾಗಿ ಎರಡು–ಮೂರು ವರ್ಷ ಬಿಡುವು ಸಿಗುತ್ತದೆ. ಆಮೇಲೆ ಪ್ರತಿ ವರ್ಷವೂ ಆ ಫ್ಲ್ಯಾಟ್ ರಿಟರ್ನ್ಸ್‌ನಲ್ಲಿ ಕಾಣಿಸಬೇಕು.