ಭಗ್ನಚಿಕಿತ್ಸೆಯೂ ವೃದ್ಧರ ವೇದನಾಶಮನವೂ

ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ತೊಡೆಮೂಳೆ ಮುರಿದವರಿಗೆ ಕಪಾಟಶಯನವು ವಿಹಿತವಾಗಿದೆ. ರೋಗಿಯನ್ನು ಹಲಗೆಯ ಮೇಲೆ ಮಲಗಿಸಿ, ಕಾಲು ಅಲುಗದಂತೆ 5 ಗೂಟಗಳಿಗೆ ಬಂಧಿಸುವುದು ಅದರ ಕ್ರಮ. ವೇದನೆಯಿದ್ದಲ್ಲಿ ಪಂಚಮೂಲದೊಡನೆ ಕಾಯಿಸಿದ ಹಾಲಿನ ಪರಿಷೇಕವೂ ಉಕ್ತವಾಗಿದೆ.

ಇಂದು ವೇದನಾಶಮನದ ಉದ್ದೇಶವು ರೋಗಿಯನ್ನು ಎಬ್ಬಿಸುವುದೇ ಆಗಿರುವುದು. ಶಾಮನೂರಿನ ಮನೆಯೊಂದರ ಬಚ್ಚಲಲ್ಲಿ ಜಾರಿ, ಸೊಂಟದ ಕೀಲಿನಲ್ಲಿ ಮೂಳೆ ಮುರಿದ ವೃದ್ಧೆಯು ದಾವಣಗೆರೆಯಲ್ಲಿ ಶಸ್ತ್ರಚಿಕಿತ್ಸೆ ಹೊಂದಿದರೆ, ಸಾಧ್ಯವಾದಲ್ಲಿ ಮರುದಿನವೇ ಎದ್ದು ನಿಲ್ಲತಕ್ಕದ್ದು. ಮಲಗಿಯೇ ಇದ್ದರೆ ಶ್ವಾಸಕೋಶದ ಉರಿಯೂತ, ಶಯ್ಯಾವ್ರಣಗಳು ಸಂಭವಿಸುವುವು. ನೋವಡಗದೆ ಏಳುವುದು ಅಶಕ್ಯ. ಆದುದರಿಂದ ವೈದ್ಯರು ಪ್ಯಾರಾಸಿಟಮಾಲನ್ನು ಕಾಲನಿಯಮದಿಂದ ಕೊಡುವರು. ಸೂಜಿಮದ್ದಿನಿಂದ ತೊಡೆಸಂದಿನ ನರಗಳನ್ನು ಜೋಮುಗೊಳಿಸುವರು. ಅಫೀಮಿನ ವರ್ಗದ ಔಷಧಗಳು ಅಲ್ಪಮಾತ್ರೆಯಲ್ಲಿ ಮಾತ್ರ ವಿಹಿತ, ಅಧಿಕವಾದರೆ ಬುದ್ಧಿಭ್ರಮೆಯುಂಟಾಗುವುದು. ಅಲಕ್ಷಿಸಿದ ನೋವಿನಿಂದಲೂ ಅದೇ ಭ್ರಮೆಯುಂಟು. ಮೌನವಾಗಿ ಸಹಿಸುವ ವೃದ್ಧರನ್ನು, ಮಲಗಿರುವಾಗ ಮಾತ್ರವಲ್ಲದೆ ಕಾಲನ್ನಾಡಿಸುವಾಗಲೂ, ನೋವೆಷ್ಟೆಂದು ಕೇಳತಕ್ಕದ್ದು.