ಅಂಗನವಾಡಿ ಕಾರ್ಯಕರ್ತೆಯರಿಗೆ ಸಾವಧಾನದ ಸಾಧನೆ

ಯಾವುದಾದರೊಂದು ಹಳ್ಳಿಯ ಅಂಗನವಾಡಿಯ ಬಾಗಿಲಲ್ಲಿ ಬೆಳಗಿನ ಹೊತ್ತು ಹತ್ತು ನಿಮಿಷ ನಿಂತು ನೋಡಿದರೆ ಸಾಕು, ಆ ಕೆಲಸದ ಸ್ವರೂಪ ಮನದಟ್ಟಾಗುತ್ತದೆ. ಒಂದು ಮಗು ತಾಯಿಯ ಸೆರಗನ್ನು ಬಿಡಲೊಲ್ಲದೆ ಅಳುತ್ತಿರುತ್ತದೆ. ಇನ್ನೊಂದು ಪಕ್ಕದ ಮಗುವಿನ ಗೊಂಬೆಯನ್ನು ಕಸಿಯುತ್ತಿರುತ್ತದೆ. ಒಲೆಯ ಮೇಲೆ ಹಾಲು ಉಕ್ಕಲು ಬಂದಿರುತ್ತದೆ. ಗರ್ಭಿಣಿಯೊಬ್ಬಳು ತನ್ನ ಪಾಲಿನ ಆಹಾರಕ್ಕಾಗಿ ಕಾದಿರುತ್ತಾಳೆ. ಅಷ್ಟರಲ್ಲಿ ಮೇಲಿನವರಿಂದ ದೂರವಾಣಿ ಕರೆ: ನಿನ್ನೆಯ ವಿವರ ಇನ್ನೂ ಏಕೆ ಬಂದಿಲ್ಲ? ಇವೆಲ್ಲದರ ನಡುವೆ ನಿಂತ ಹೆಣ್ಣುಮಗಳನ್ನು ನಾವು ‘ಟೀಚರ್’ ಎಂದು ಕರೆದು, ಮಗುವನ್ನು ಒಪ್ಪಿಸಿ ಹೊಲಕ್ಕೆ ನಡೆಯುತ್ತೇವೆ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸುವುದು, ತಾಯಂದಿರಿಗೆ ಪೌಷ್ಟಿಕತೆಯ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ ಎಂಬ ಆರು ಸೇವೆಗಳು ಅದಕ್ಕೆ ಸೇರಿದವು. ಮುಂದೆ ಸ್ತ್ರೀಶಕ್ತಿ ಗುಂಪುಗಳ ಜವಾಬ್ದಾರಿ ಬಂತು. 2017ರಲ್ಲಿ ಮಾತೃಪೂರ್ಣ ಯೋಜನೆಯ ಬಿಸಿಯೂಟ ಬಂತು. 2021ರಿಂದ ‘ಪೋಷಣ್ ಟ್ರ್ಯಾಕರ್’ ಎಂಬ ಮೊಬೈಲ್ ದಾಖಲೆ ಬಂತು. 2020ರ ಕೋವಿಡ್ ಕಾಲದಲ್ಲಿ ಊರೆಲ್ಲ ಬಾಗಿಲು ಮುಚ್ಚಿ ಕುಳಿತಾಗ ಆಹಾರದ ಪೊಟ್ಟಣ ಹೊತ್ತು ಮನೆಮನೆಗೆ ನಡೆದವರೂ ಇವರೇ. ಇಷ್ಟಾದರೂ ಇವರಿಗೆ ದೊರೆಯುವುದು ಸಂಬಳವಲ್ಲ, ‘ಗೌರವಧನ’. ಕೇಂದ್ರ ಸರ್ಕಾರ ಅದರ ಮೊತ್ತವನ್ನು 2018ರಲ್ಲಿ 3,000 ರೂಪಾಯಿಯಿಂದ 4,500ಕ್ಕೆ ಏರಿಸಿತು. ರಾಜ್ಯ ತನ್ನ ಪಾಲನ್ನು ಸೇರಿಸಿ ಕೊಡುತ್ತದೆ. ಇವರೂ ಉಪಧನಕ್ಕೆ, ಅಂದರೆ ಗ್ರಾಚ್ಯುಟಿಗೆ, ಅರ್ಹರೆಂದು ಸರ್ವೋಚ್ಚ ನ್ಯಾಯಾಲಯ ಹೇಳಬೇಕಾದರೆ 2022ನೆಯ ಇಸವಿಯೇ ಬರಬೇಕಾಯಿತು.

ಇಂತಹ ಭಾರವನ್ನು ಹೊತ್ತ ಮನಸ್ಸು ದಣಿಯುವುದು ಸಹಜ. ಆದರೆ ಆ ದಣಿವು ಅವಳೊಬ್ಬಳ ನೋವಾಗಿ ಉಳಿಯದೆ ಮಗುವಿನ ಮೇಲೂ ಇಳಿಯುತ್ತದೆ ಎಂಬುದೇ ಇಲ್ಲಿ ಚಿಂತಿಸಬೇಕಾದ ವಿಷಯ. ಒತ್ತಡ ಹೆಚ್ಚಿದಾಗ ಹೃದಯದ ಬಡಿತ ಏರುತ್ತದೆ, ಉಸಿರು ಮೇಲುಮೇಲಕ್ಕೆ ಓಡುತ್ತದೆ, ಕತ್ತು ಭುಜಗಳು ಬಿಗಿಯುತ್ತವೆ. ಅಪಾಯವನ್ನು ಎದುರಿಸಲು ದೇಹ ಸಜ್ಜಾಗುತ್ತದೆ. ಎದುರಿಗಿರುವುದು ಮೂರು ವರ್ಷದ ಕೂಸು ಎಂಬುದು ದೇಹಕ್ಕೆ ತಿಳಿಯದು. ಹಾಲಿನ ಲೋಟ ಉರುಳಿದೊಡನೆ ಗದರಿಕೆಯೊಂದು ಬಾಯಿಂದ ಹಾರಿರುತ್ತದೆ, ಕೆಲವೊಮ್ಮೆ ಕೈಯೂ ಎದ್ದಿರುತ್ತದೆ. ಆ ಮೇಲೆ ಅವಳೇ ನೊಂದುಕೊಳ್ಳುತ್ತಾಳೆ. ಮನೆಯಲ್ಲಿ ಮಕ್ಕಳನ್ನು ಸಾಕಿದ ಯಾವ ತಾಯಿಗೂ ಈ ಅನುಭವ ಹೊಸದಲ್ಲ.

ಲೋಟ ಉರುಳಿದ ಕ್ಷಣಕ್ಕೂ ಮಾತು ಹಾರುವ ಕ್ಷಣಕ್ಕೂ ನಡುವೆ ಒಂದಿಷ್ಟು ಬಿಡುವನ್ನು ದೊರಕಿಸುವ ಅಭ್ಯಾಸಕ್ಕೆ ಈಚೆಗೆ ‘ಮೈಂಡ್‌ಫುಲ್‌ನೆಸ್’ ಎಂಬ ಹೆಸರು ಪ್ರಚಲಿತವಾಗಿದೆ. ಕನ್ನಡದಲ್ಲಿ ಅದನ್ನು ಸಾವಧಾನ ಎನ್ನಬಹುದು. ಇದರ ಮೂಲ ಬೌದ್ಧರ ಧ್ಯಾನದಲ್ಲಿದೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬಟ್-ಜಿನ್ ಎಂಬವರು ಇದನ್ನು ರೋಗಿಗಳಿಗಾಗಿ ಎಂಟು ವಾರಗಳ ಶಿಕ್ಷಣವಾಗಿ ರೂಪಿಸಿದರು. ಮುಂದೆ ಅದು ಶಿಕ್ಷಕರನ್ನೂ ತಲುಪಿತು. ನ್ಯೂಯಾರ್ಕ್ ನಗರದ 36 ಪ್ರಾಥಮಿಕ ಶಾಲೆಗಳ 224 ಶಿಕ್ಷಕರ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಬೇತಿ ಪಡೆದವರ ಮಾನಸಿಕ ಕ್ಲೇಶ ಕಡಿಮೆಯಾದದ್ದಷ್ಟೇ ಅಲ್ಲ, ತರಗತಿಯಲ್ಲಿ ಮಕ್ಕಳಿಗೆ ದೊರೆಯುವ ಭಾವನಾತ್ಮಕ ಆಸರೆಯೂ ಸುಧಾರಿಸಿದ್ದು ಕಂಡುಬಂತು. ಅದು ಮಹಾನಗರದ ಮಾತು. ನಮ್ಮ ಹಳ್ಳಿಯ ಒಂದೇ ಕೋಣೆಯ ಅಂಗನವಾಡಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಇಂಗ್ಲೆಂಡಿನ ದೊಡ್ಡ ಅಧ್ಯಯನವೊಂದರಲ್ಲಿ ಹದಿಹರೆಯದ ವಿದ್ಯಾರ್ಥಿಗಳಿಗೆ ನಿರೀಕ್ಷಿಸಿದ ಲಾಭ ಆಗಲೇ ಇಲ್ಲವೆಂದು 2022ರಲ್ಲಿ ವರದಿಯಾಯಿತು. ಆದುದರಿಂದ ಇದನ್ನು ಸರ್ವರೋಗಕ್ಕೂ ಮದ್ದೆಂದು ಸಾರುವವರ ಮಾತನ್ನು ನಂಬಬೇಕಾಗಿಲ್ಲ.

ಅಭ್ಯಾಸವಾದರೋ ಬಹಳ ಸರಳ. ಚಾಪೆ, ಪ್ರತ್ಯೇಕ ಕೋಣೆ, ಶುಲ್ಕ ಯಾವುದೂ ಬೇಡ. ಬೆಳಿಗ್ಗೆ ಕೇಂದ್ರದ ಬೀಗಕ್ಕೆ ಕೈಯಿಡುವ ಮುನ್ನ ಒಂದು ಗಳಿಗೆ ನಿಲ್ಲುವುದು. ಎರಡೂ ಪಾದಗಳು ನೆಲವನ್ನು ಮುಟ್ಟಿರುವುದನ್ನು ಗಮನಿಸುವುದು. ಮೂರು ಸಲ ಉಸಿರೆಳೆದು, ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡುವುದು. ಉಸಿರನ್ನು ನೀಳವಾಗಿ ಬಿಡುವಾಗ ಹೃದಯದ ಬಡಿತ ತುಸು ಇಳಿಯುತ್ತದೆ. ಇದು ಶರೀರಶಾಸ್ತ್ರಕ್ಕೆ ತಿಳಿದ ಸಂಗತಿ. ಮನಸ್ಸು ಓಡಿದರೆ ಓಡಲಿ, ಅದಕ್ಕಾಗಿ ಹಳಹಳಿಸದೆ ಮರಳಿ ಉಸಿರಿಗೆ ತರುವುದು. ಹೀಗೆ ಮರಳಿ ತರುವುದೇ ಅಭ್ಯಾಸ. ಮನಸ್ಸು ಖಾಲಿಯಾಗಲಿಲ್ಲವೆಂದು ಬಿಟ್ಟುಬಿಡುವವರೇ ಹೆಚ್ಚು. ಬಳಿಕ ಮಕ್ಕಳ ಕೈ ತೊಳೆಸುವಾಗ ನೀರಿನ ತಂಪನ್ನೂ, ಬೇಳೆ ಆರಿಸುವಾಗ ಬೆರಳಿನ ಚಲನೆಯನ್ನೂ ಗಮನಿಸಿದರಾಯಿತು. ಗದರಿಕೆ ಬಾಯಿಗೆ ಬಂದಾಗ ‘ನನಗೀಗ ಸಿಟ್ಟು ಬಂದಿದೆ’ ಎಂದು ಒಳಗೇ ಹೆಸರಿಟ್ಟುಕೊಳ್ಳುವುದು ಮೊದಮೊದಲು ನಗೆ ತರಿಸೀತು. ಕೆಲದಿನಗಳಲ್ಲಿ ಅದೇ ಅಭ್ಯಾಸ ಆ ಬಿಡುವನ್ನು ತಂದುಕೊಡುತ್ತದೆ. ಆದರೆ ಕಣ್ಣು ಮುಚ್ಚಿ ಕುಳಿತೊಡನೆ ಹಳೆಯ ದುಃಖ ಉಕ್ಕಿಬರುವವರು, ವಾರಗಟ್ಟಲೆ ನಿದ್ದೆ, ಹಸಿವು ಕಳೆದುಕೊಂಡವರು ಇದನ್ನು ಒತ್ತಾಯದಿಂದ ಮಾಡದೆ ವೈದ್ಯರನ್ನು ಕಾಣಬೇಕು.

ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಸಕಾಲಕ್ಕೆ ಬಾರದ ಗೌರವಧನಕ್ಕೆ, ಸೋರುವ ಮಾಳಿಗೆಗೆ, ಸಿಗ್ನಲ್ ಇಲ್ಲದ ಊರಿನಲ್ಲಿ ದಾಖಲೆ ಕೇಳುವ ಮೊಬೈಲಿಗೆ ಉಸಿರಾಟವು ಉತ್ತರವಲ್ಲ. ‘ಧ್ಯಾನ ಮಾಡಿರಮ್ಮ, ಸರಿಹೋಗುತ್ತದೆ’ ಎಂದು ಉಪದೇಶಿಸಿ ಕೈತೊಳೆದುಕೊಳ್ಳುವುದು ಅನ್ಯಾಯ. ಹಕ್ಕನ್ನು ಕೇಳುವವಳಿಗೂ ಸಾವಧಾನ ಬೇಕು, ನಿಜ. ಆದರೆ ಹಕ್ಕಿನ ಬದಲಿಗೆ ಅಲ್ಲ.

ಮನೆಯವರ ಪಾಲೂ ಇಲ್ಲಿದೆ. ಸಂಜೆ ಕೇಂದ್ರದಿಂದ ಬಂದವಳು ಚಪ್ಪಲಿ ಬಿಡುವಷ್ಟರಲ್ಲೇ ಒಲೆಯ ಮುಂದೆ ನಿಲ್ಲುವ ಮನೆಗಳು ನಮ್ಮಲ್ಲಿ ಬಹಳ. ಅತ್ತೆಯಾಗಲಿ, ಗಂಡನಾಗಲಿ, ಬೆಳೆದ ಮಕ್ಕಳಾಗಲಿ ಅವಳಿಗೊಂದು ಲೋಟ ಚಹಾ ಕೊಟ್ಟು, ಹತ್ತು ನಿಮಿಷ ಯಾರೂ ಕರೆಯದಂತೆ ನೋಡಿಕೊಂಡರೆ, ಯಾವ ತರಬೇತಿಯೂ ಕೊಡದ ಸಮಯವನ್ನು ಅವರು ಕೊಟ್ಟಂತಾಗುತ್ತದೆ.

ಮಕ್ಕಳೊಡನೆ ಮಾಡಬಹುದಾದದ್ದೂ ಒಂದುಂಟು. ಸ್ಟೀಲ್ ತಟ್ಟೆಯನ್ನು ಚಮಚದಿಂದ ಒಮ್ಮೆ ಬಡಿದು, ಅದರ ನಾದ ಪೂರ್ತಿ ಅಡಗಿದಾಗ ಕೈ ಎತ್ತಿರೆಂದು ಹೇಳುವುದು. ಮೊದಲ ದಿನ ಎಲ್ಲರೂ ನಕ್ಕು, ಬಡಿಯುವ ಮೊದಲೇ ಕೈ ಎತ್ತುತ್ತಾರೆ. ಸಹಾಯಕಿಯೂ ಜೊತೆಗೆ ಕುಳಿತು, ವಾರವೊಂದು ಬಿಡದೆ ನಡೆಸಿದರೆ, ಊಟದ ಮುಂಚಿನ ಗದ್ದಲದ ನಡುವೆ ಅಷ್ಟು ಹೊತ್ತು ಕೋಣೆ ಸುಮ್ಮನಾಗುವುದುಂಟು.