ತರಗತಿಯಲ್ಲಿ ವಚನ: ಉಚಿತ ಅಂತರ್ಜಾಲ ಸಾಧನಗಳ ಸದ್ಬಳಕೆ

1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದ ಜ್ಞಾನಸಹ್ಯಾದ್ರಿ ಆವರಣವಿರುವ ಶಂಕರಘಟ್ಟವು ಭದ್ರಾವತಿ ತಾಲ್ಲೂಕಿನ ವಿದ್ಯಾಕೇಂದ್ರ. ಸಂಶೋಧನೆಗೆಂದು ಇಲ್ಲಿಗೆ ಬರುವವರಿಗೆ ಗ್ರಂಥಾಲಯದ ಆಶ್ರಯವಿದೆ. ಆದರೆ ಸುತ್ತಲಿನ ಕಾಡಂಚಿನ ಹಳ್ಳಿಯೊಂದರಲ್ಲಿ ಕನ್ನಡ ಕಲಿಸುವ ಶಿಕ್ಷಕಿಯ ಕೈಯಲ್ಲಿರುವುದು ಪಠ್ಯಪುಸ್ತಕದ ನಾಲ್ಕಾರು ವಚನಗಳು ಮತ್ತು ಒಂದು ಮೊಬೈಲ್ ಫೋನ್. ಶರಣರ ವಚನಭಂಡಾರವೇ ಆ ಫೋನಿನಲ್ಲಿ ಹಣ ತೆರದೆ ದೊರೆಯುತ್ತದೆ ಎಂಬುದು ಇನ್ನೂ ಅನೇಕರಿಗೆ ತಿಳಿದಿಲ್ಲ.

ವಚನಗಳು ನಮಗೆ ಸುಲಭವಾಗಿ ದಕ್ಕಿದವಲ್ಲ. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ತಾಳೆಗರಿಯ ಕಟ್ಟುಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು, ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಮುಂದೆ ಕರ್ನಾಟಕ ಸರ್ಕಾರವು 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಹೊರತಂದಿತು. ವಿದ್ವಾಂಸರಾದ ಓ. ಎಲ್. ನಾಗಭೂಷಣಸ್ವಾಮಿಯವರ ಮಾರ್ಗದರ್ಶನದಲ್ಲಿ ಓಂಶಿವಪ್ರಕಾಶ್ ಮತ್ತು ಅವರ ಸಂಗಡಿಗರು ರೂಪಿಸಿದ ‘ವಚನ ಸಂಚಯ’ ಜಾಲತಾಣವು ಅದೇ ಪರಂಪರೆಯ ಮುಂದಿನ ಹೆಜ್ಜೆ. ಅಲ್ಲಿ 20,000ಕ್ಕೂ ಹೆಚ್ಚು ವಚನಗಳಿವೆ. ವಚನಕಾರರ ಹೆಸರಿನಿಂದಲೂ ಒಂದೊಂದು ಪದದಿಂದಲೂ ಅವನ್ನು ಹುಡುಕಬಹುದು. ಸಿರಿಗೆರೆಯ ತರಳಬಾಳು ಬೃಹನ್ಮಠವು ಸಿದ್ಧಪಡಿಸಿದ ‘ಶಿವಶರಣರ ವಚನ ಸಂಪುಟ’ ಎಂಬ ಆ್ಯಪ್ ಕೂಡ ಉಚಿತವಾಗಿ ದೊರೆಯುತ್ತದೆ.

ಇದರಿಂದ ತರಗತಿಗೇನು ಲಾಭ? ಒಂದು ಉದಾಹರಣೆಯನ್ನು ನೋಡೋಣ. ಕಾಯಕವನ್ನು ಕೈಲಾಸವೆಂದೇ ಸಾರುವ ಎರಡು ಪದಗಳ ಮಾತು ನಮ್ಮ ಶಾಲೆಗಳ ಗೋಡೆಗಳ ಮೇಲೆ, ಸಭಾಭವನಗಳ ಹೆಬ್ಬಾಗಿಲಲ್ಲಿ ಎದ್ದು ಕಾಣುತ್ತದೆ. ಬಹುತೇಕ ಕಡೆ ಅದರ ಕೆಳಗೆ ಬಸವಣ್ಣನವರ ಹೆಸರಿರುತ್ತದೆ. ಮಕ್ಕಳು ಆ ಪದಗಳನ್ನು ವಚನಗಳಲ್ಲಿ ಹುಡುಕಿದರೆ ಎದುರಾಗುವ ಅಂಕಿತ ಕೂಡಲಸಂಗಮದೇವನದಲ್ಲ, ಅಮರೇಶ್ವರಲಿಂಗದ್ದು. ಆ ಮಾತು ಆಯ್ದಕ್ಕಿ ಮಾರಯ್ಯನವರ ವಚನದ್ದು. ನಾವೂ ಬಹುಕಾಲ ತಪ್ಪಾಗಿಯೇ ಹೇಳುತ್ತ ಬಂದವರು. ಇದರಿಂದ ಬಸವಣ್ಣನವರ ಹಿರಿಮೆ ಕಿಂಚಿತ್ತೂ ಕುಗ್ಗದು. ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದ ದಂಪತಿಗಳ ಮಾತನ್ನು ಅವರಿಗೇ ಸಲ್ಲಿಸಿದಂತಾಗುತ್ತದೆ. ಆಯ್ದಕ್ಕಿಯವರಿಂದಲೇ ಆ ಮಾತು ಬಂದಿತೆಂದು ತಿಳಿದಾಗ ಅದರ ತೂಕ ಮಗುವಿಗೆ ಬೇರೆಯಾಗಿಯೇ ತೋರುತ್ತದೆ.

ಶಿವಮೊಗ್ಗ ಜಿಲ್ಲೆಯ ಶಿಕ್ಷಕರಿಗೆ ಇನ್ನೊಂದು ಅನುಕೂಲವಿದೆ. ಬಳ್ಳಿಗಾವಿಯ ಅಲ್ಲಮಪ್ರಭುಗಳು, ಉಡುತಡಿಯ ಅಕ್ಕಮಹಾದೇವಿ, ಹಿರೇಜಂಬೂರಿನ ಸತ್ಯಕ್ಕ, ಈ ಮೂವರ ಊರುಗಳೂ ಇರುವುದು ಶಿಕಾರಿಪುರ ತಾಲ್ಲೂಕಿನಲ್ಲಿ. ಮಕ್ಕಳನ್ನು ಮೂರು ಗುಂಪು ಮಾಡಿ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ, ಶಂಭುಜಕ್ಕೇಶ್ವರ ಎಂಬ ಅಂಕಿತಗಳನ್ನು ಹಂಚಿ, ತಲಾ ಐದು ವಚನಗಳನ್ನು ಆರಿಸಿ ತರಲು ಹೇಳಬಹುದು. ಅಕ್ಕನ ವಚನಗಳಲ್ಲಿ ಬರುವ ಗಿಳಿ, ಕೋಗಿಲೆ, ತುಂಬಿ, ನವಿಲುಗಳನ್ನು ಮಲೆನಾಡಿನ ಮಗುವಿಗೆ ಯಾರೂ ಪರಿಚಯಿಸಬೇಕಾಗಿಲ್ಲ.

ಹುಡುಕುವಾಗ ಒಂದು ಎಚ್ಚರ ಅಗತ್ಯ. ವಚನಗಳ ಭಾಷೆ ನಮ್ಮ ಇಂದಿನ ಬರವಣಿಗೆಯ ಭಾಷೆಯಲ್ಲ. ‘ಕಾಯಕವನ್ನು’ ಎಂದು ಹುಡುಕಿದವರು ನಿರಾಶರಾಗಬಹುದು. ‘ಕಾಯಕವ’ ಎಂದರೆ ವಚನಗಳು ತೆರೆದುಕೊಳ್ಳುತ್ತವೆ. ‘ಮಾಡಿದರೆ’ ಎಂಬುದಕ್ಕೆ ‘ಮಾಡಿದಡೆ’, ‘ಆದರೆ’ ಎಂಬುದಕ್ಕೆ ‘ಆದಡೆ’ ಎಂದು ಬರೆಯಬೇಕು. ನಡುಗನ್ನಡದ ವ್ಯಾಕರಣವನ್ನು ಕಲಿಸಲು ಇದಕ್ಕಿಂತ ಸಹಜವಾದ ಸಂದರ್ಭ ಸಿಗುವುದು ಕಷ್ಟ: ಸರಿಯಾದ ರೂಪವನ್ನು ಊಹಿಸದೆ ಉತ್ತರವೇ ಬರುವುದಿಲ್ಲವಲ್ಲ!

ಆದರೆ ಪದ ಸಿಕ್ಕಿತೆಂದರೆ ಅರ್ಥ ಸಿಕ್ಕಿತೆಂದಲ್ಲ. ‘ಲಿಂಗ’ ಎಂಬ ಪದ ಎಷ್ಟು ವಚನಗಳಲ್ಲಿದೆಯೆಂದು ಯಂತ್ರವು ಕ್ಷಣದಲ್ಲಿ ತೋರಿಸೀತು. ಯಾವ ವಚನದಲ್ಲಿ ಅದು ಕರಸ್ಥಲದ ಇಷ್ಟಲಿಂಗ, ಯಾವುದರಲ್ಲಿ ಪ್ರಾಣಲಿಂಗ ಎಂಬುದನ್ನು ಬಿಡಿಸಿ ಹೇಳಬೇಕಾದವರು ಗುರುಗಳೇ. ಅಲ್ಲಮರ ಬೆಡಗಿನ ವಚನದೆದುರು ಪರದೆಯಿಂದ ನೆರವಿಲ್ಲ. ಪಾಠಾಂತರದ ಸಂದೇಹ ಬಂದಾಗ ಮುದ್ರಿತ ಸಂಪುಟವನ್ನೇ ನೋಡಬೇಕು.

ಇತ್ತೀಚೆಗೆ ಕೇಳಿದ ಪ್ರಶ್ನೆಗೆಲ್ಲ ಉತ್ತರ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳೂ ಉಚಿತವಾಗಿ ಬಂದಿವೆ. ಇವುಗಳ ವಿಷಯದಲ್ಲಿ ನಮಗೆ ಆತಂಕವಿದೆ. ಶರಣರು ಎಂದೂ ನುಡಿಯದ ಮಾತನ್ನು ಅವು ಅಂಕಿತಸಮೇತ ಹೊಸೆದು ಕೊಡಬಲ್ಲವು. ಓದಿದವರಿಗೆ ಅದು ವಚನವೆಂದೇ ತೋರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ‘ವಚನ’ಗಳ ಪಾಡೂ ಹಲವು ಬಾರಿ ಇದೇ. ಅಂಥದ್ದು ಬಂದಾಗ ಅದರ ಎರಡು ಮೂರು ಪದಗಳನ್ನು ವಚನ ಸಂಚಯದಲ್ಲಿ ಹುಡುಕುವ ಅಭ್ಯಾಸವನ್ನು ಮಕ್ಕಳಿಗೆ ಮಾಡಿಸಬೇಕು. ಆ ಪದಗಳನ್ನು ಬೇರೆ ರೂಪಗಳಲ್ಲಿ ಬರೆದು ಹುಡುಕಿದರೂ ಸಿಗದಿದ್ದರೆ, ಮೂಲ ತಿಳಿಯುವವರೆಗೆ ಮುಂದಕ್ಕೆ ಕಳುಹಿಸದಿರುವುದೇ ಲೇಸು.

ಇತರ ವಿಷಯಗಳಿಗೂ ಸಾಧನಗಳ ಕೊರತೆಯಿಲ್ಲ. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ‘ದೀಕ್ಷಾ’ದಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಪಾಠಕ್ಕೆ ಸಂಬಂಧಿಸಿದ ವಿಡಿಯೋಗಳು ದೊರೆಯುತ್ತವೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ‘ಫೆಟ್’ನಲ್ಲಿ ವಿದ್ಯುತ್ ಮಂಡಲ, ಲೋಲಕ ಮೊದಲಾದ ಪ್ರಯೋಗಗಳನ್ನು ಪರದೆಯ ಮೇಲೆ ಮಾಡಿ ನೋಡಬಹುದು, ಹಲವು ಪ್ರಯೋಗಗಳು ಕನ್ನಡದಲ್ಲಿವೆ. ರೇಖಾಗಣಿತಕ್ಕೆ ‘ಜಿಯೋಜಿಬ್ರಾ’ ಇದೆ.

ನೆಟ್‌ವರ್ಕ್ ಸಿಗದ ಊರುಗಳ ಶಿಕ್ಷಕರು ಇದನ್ನೆಲ್ಲ ಓದಿ ನಿಟ್ಟುಸಿರು ಬಿಟ್ಟಾರು. ದೀಕ್ಷಾದ ಪಾಠಗಳನ್ನೂ ಫೆಟ್‌ನ ಪ್ರಯೋಗಗಳನ್ನೂ ನೆಟ್‌ವರ್ಕ್ ಇರುವಲ್ಲಿ ಇಳಿಸಿಕೊಂಡು ಶಾಲೆಯಲ್ಲಿ ಅಂತರ್ಜಾಲವಿಲ್ಲದೆಯೇ ತೋರಿಸಬಹುದು. ವಚನಗಳನ್ನು ಹಿಂದಿನ ದಿನವೇ ಆರಿಸಿ ಬರೆದುಕೊಂಡರೆ ಕರಿಹಲಗೆಯೇ ಸಾಕು. ಸಾಧನಗಳು ಉಚಿತವಾದರೂ ಅವನ್ನು ತೋರಿಸುವ ಪ್ರೊಜೆಕ್ಟರ್ ಉಚಿತವಲ್ಲ. ತಮ್ಮೂರ ಶಾಲೆಗೆ ಏನಾದರೂ ಕೊಡಬೇಕೆಂಬ ಸದ್ಭಕ್ತರು ಶಿಕ್ಷಕರನ್ನು ಕೇಳಿ ಅದನ್ನು ಒದಗಿಸಬಹುದು. ಜೊತೆಗೆ, ಬರುವ ಬಸವ ಜಯಂತಿಯ ಆಹ್ವಾನಪತ್ರಿಕೆಯಲ್ಲಿ ಅಚ್ಚಾಗುವ ವಚನ ಯಾರದೆಂದು ಹುಡುಕಿ ಹೇಳುವ ಕೆಲಸವನ್ನು ಈ ಬಾರಿ ಊರಿನ ಶಾಲೆಯ ಮಕ್ಕಳಿಗೆ ವಹಿಸಿ ನೋಡಬಹುದು.